‘ಬಿ ಪಿಕ್ಚರ್’ನಲ್ಲಿ ಆ ‘ಬಿ’ ಯಾಕೆ?

‘ಬಿ ಗ್ರೇಡ್ ಪಿಕ್ಚರ್’ ಅಂದ ಕೂಡಲೇ ನಮ್ಮಲ್ಲಿ ಪಕ್ಕದವರು ಮುಸಿ ಮುಸಿ ನಗುತ್ತಾರೆ. ಗೋಡೆ ಮೇಲೆ ಅರ್ಧ ಹರಿದ ಪೋಸ್ಟರ್, ಮಾರ್ನಿಂಗ್ ಶೋ, ತಲೆ ತಗ್ಗಿಸಿ ಒಳಗೆ ನುಗ್ಗೋ ಜನ. ಇನ್ನು ಕೆಲವರು ಅದನ್ನ ವಿತರಕರು ಹೇಳುವ ‘ಬಿ ಸೆಂಟರ್’ಗೆ ಗಂಟು ಹಾಕುತ್ತಾರೆ. ಅದು ಊರು ದೊಡ್ಡದೋ ಚಿಕ್ಕದೋ ಅನ್ನೋ ಲೆಕ್ಕ. ಹಾಲಿವುಡ್‌ನ ಹಳೇ ‘ಬಿ ಪಿಕ್ಚರ್’ ಇವೆರಡೂ ಅಲ್ಲ.

ಇಲ್ಲಿ ‘ಬಿ’ ಅಂದರೆ ಎರಡನೆಯದು, ಅಷ್ಟೇ. 1930ರ ದಶಕದಲ್ಲಿ ಅಮೆರಿಕದ ಜನರ ಕೈಯಲ್ಲಿ ಕಾಸಿರಲಿಲ್ಲ, ಥಿಯೇಟರಿನವರು ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸೋಕೆ ಶುರು ಮಾಡಿದರು. ದೊಡ್ಡ ಸ್ಟಾರ್ ಇರೋದು ‘ಎ’, ಅದಕ್ಕೆ ಕಲೆಕ್ಷನ್‌ನಲ್ಲಿ ಪಾಲು. ಜೊತೆಗಿನ ‘ಬಿ’ಗೆ ಸಾಮಾನ್ಯವಾಗಿ ಇಷ್ಟು ಅಂತ ಗೊತ್ತು ಮಾಡಿದ ಬಾಡಿಗೆ. ಗುಟ್ಟು ಇರೋದೇ ಇಲ್ಲಿ. ಎಷ್ಟೇ ಚೆನ್ನಾಗಿ ತೆಗೆದರೂ ಬರೋ ದುಡ್ಡು ಅಷ್ಟೇ ಅಂದಮೇಲೆ, ಖರ್ಚು ಕಮ್ಮಿ ಮಾಡಿದಷ್ಟೂ ಲಾಭ ತಾನೇ? ಹಾಗಾಗಿ ಸಿನಿಮಾ ಒಂದು ಗಂಟೆ ಚಿಲ್ಲರೆ, ಶೂಟಿಂಗ್ ಕೆಲವೇ ದಿನ, ಸೆಟ್ಟು ಇನ್ಯಾವುದೋ ಚಿತ್ರದ್ದು.

ಇಂಥ ಚಿತ್ರ ತೆಗೆಯೋ ಸಣ್ಣ ಕಂಪನಿಗಳಿಗೆ ‘ಪಾವರ್ಟಿ ರೋ’ ಅನ್ನೋ ಅಡ್ಡಹೆಸರಿತ್ತು. ಸುಮ್ನೆ ‘ಬಡವರ ಬೀದಿ’ ಅಂದುಕೊಳ್ಳಿ. ಅಲ್ಲಿನ ಪಿಆರ್‌ಸಿ ಕಂಪನಿಗೆ ನಿರ್ದೇಶಕ ಎಡ್ಗರ್ ಉಲ್ಮರ್ 1945ರಲ್ಲಿ ತೆಗೆದ ‘ಡೀಟೂರ್’ ನೋಡಿ. ನ್ಯೂಯಾರ್ಕ್‌ನ ಪಿಯಾನೋ ವಾದಕನೊಬ್ಬ ಕೈ ತೋರಿಸಿ ಕಾರು ಹತ್ತುತ್ತಾ ಲಾಸ್ ಏಂಜಲೀಸ್‌ಗೆ ಹೊರಡುತ್ತಾನೆ. ದಾರಿಯಲ್ಲಿ ಕಾರಿನವನು ಸತ್ತುಹೋಗುತ್ತಾನೆ. ಇವನು ಹೆದರಿ ಸತ್ತವನ ಕಾರು, ಬಟ್ಟೆ, ಹೆಸರು ಎಲ್ಲಾ ಹಾಕಿಕೊಂಡು ಮುಂದೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾನೆ. ನ್ಯೂಯಾರ್ಕ್ ಬೀದಿಯ ಸೆಟ್ಟಿಗೆ ದುಡ್ಡಿಲ್ಲ, ಅದಕ್ಕೆ ಬರೀ ಮಂಜು ತುಂಬಿಸಿ ಒಂದು ದೀಪದ ಕಂಬ ತೋರಿಸುತ್ತಾರೆ! ಕೆಲವು ಶಾಟ್‌ಗಳಲ್ಲಿ ನೆಗೆಟಿವ್ ಎಡ-ಬಲ ತಿರುಗಿಸಿ ಹಾಕಿದ್ದರಿಂದ ಅಮೆರಿಕದ ಕಾರುಗಳು ನಮ್ಮ ಕಾರುಗಳ ಥರ ಎಡಗಡೆ ಓಡುತ್ತವೆ, ಸ್ಟೀರಿಂಗೂ ಬಲಕ್ಕೆ. ಮತ್ತೆ ಶೂಟ್ ಮಾಡೋಕೆ ಯಾರ ಹತ್ತಿರ ದುಡ್ಡಿತ್ತು?

ಇಂಥ ಕ್ರೈಮ್ ಕಥೆಗಳಲ್ಲಿ ಕೊನೇ ರೀಲಿನಲ್ಲಿ ದಿಢೀರ್ ಅಂತ ಪಶ್ಚಾತ್ತಾಪ ಬರೋದಕ್ಕೂ ಒಂದು ಕಾರಣ ಇದೆ. 1934ರಿಂದ ಕಟ್ಟುನಿಟ್ಟಾದ ‘ಪ್ರೊಡಕ್ಷನ್ ಕೋಡ್’, ಅಂದರೆ ಹಾಲಿವುಡ್ ತನಗೆ ತಾನೇ ಹಾಕಿಕೊಂಡ ಸೆನ್ಸಾರ್ ನಿಯಮಗಳ ಪ್ರಕಾರ ತಪ್ಪು ಮಾಡಿದವನು ಆರಾಮಾಗಿ ಪಾರಾಗುವ ಹಾಗಿರಲಿಲ್ಲ. ಒಂದೋ ಶಿಕ್ಷೆ, ಇಲ್ಲಾ ಮನಸ್ಸು ಬದಲಾಗಿ ಪ್ರಾಣ ಕೊಡೋದು, ಎಷ್ಟೋ ಸಲ ಎರಡೂ. ‘ಡೀಟೂರ್’ ನಾಯಕನಿಗೆ ಮಾತ್ರ ಈ ಉದ್ಧಾರವೂ ಇಲ್ಲ. ಕೊನೆಗೆ ಪೊಲೀಸ್ ಕಾರು ಬಂದು ನಿಲ್ಲುತ್ತದೆ, ಈ ಸಲ ಅವನು ಕೈ ತೋರಿಸಿರಲಿಲ್ಲ. ನನಗೆ ಇಷ್ಟವಾಗೋದು ಅದೇ.

1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಿಂದ ದೊಡ್ಡ ಸ್ಟುಡಿಯೋಗಳಿಗೆ ಥಿಯೇಟರ್ ಮೇಲಿದ್ದ ಹಿಡಿತ ತಪ್ಪಿತು, ಹಿಂದೆಯೇ ಟಿವಿ ಬಂತು, ಎರಡನೇ ಸಿನಿಮಾ ಯಾರಿಗೂ ಬೇಡವಾಯಿತು. ಪದ ಮಾತ್ರ ಉಳಿದು ‘ಚೀಪ್’ ಅನ್ನೋ ಅರ್ಥ ಜಾಸ್ತಿಯಾಯಿತು. ಅಂದಹಾಗೆ ‘ಡೀಟೂರ್’ 68 ನಿಮಿಷ, ಊಟಕ್ಕೆ ಮುಂಚೆ ನೋಡಿ ಮುಗಿಸಬಹುದು. ಆ ಸ್ಟೀರಿಂಗ್ ಮೇಲೆ ಕಣ್ಣಿಟ್ಟಿರಿ.