ಹುಮ್ಮೆಲ್ ಗೊಂಬೆಗಳ ಹಿಂದಿನ ಸಿಸ್ಟರ್

ತಲೆಗೆ ಟೋಪಿ, ಕೈಯಲ್ಲಿ ಕೊಡೆ, ಜೊತೆಗೊಂದು ಚೀಲ. ಊರು ಸುತ್ತಲು ಹೊರಟ ಈ ಗುಂಡು ಕೆನ್ನೆಯ ಹುಡುಗ ಜರ್ಮನಿಯ ಹುಮ್ಮೆಲ್ ಗೊಂಬೆಗಳಲ್ಲಿ ತುಂಬಾ ಹೆಸರಾದವನು. ಶೋಕೇಸಿನಲ್ಲಿ ನೋಡಿದರೆ ಸುಮ್ನೆ ಅಲಂಕಾರ ಅನ್ನಿಸುತ್ತದೆ. ಇವನನ್ನು ಬರೆದ ಹೆಣ್ಣುಮಗಳು ಪಟ್ಟ ಪಾಡು ಮಾತ್ರ ಚಿಕ್ಕದಲ್ಲ.

ಬೆರ್ಟಾ ಹುಮ್ಮೆಲ್ ಹುಟ್ಟಿದ್ದು 1909ರಲ್ಲಿ, ಬವೇರಿಯಾದ ಮಾಸಿಂಗ್‌ನಲ್ಲಿ. ಮ್ಯೂನಿಕ್‌ನಲ್ಲಿ ಚಿತ್ರಕಲೆ ಕಲಿತು, 1931ರಲ್ಲಿ ಸೀಸೆನ್ ಕಾನ್ವೆಂಟ್, ಅಂದರೆ ಕ್ರೈಸ್ತ ಸನ್ಯಾಸಿನಿಯರ ಮಠ, ಸೇರಿದರು. ಆಮೇಲೆ ಸಿಸ್ಟರ್ ಮರಿಯಾ ಇನ್ನೊಸೆಂಟಿಯಾ ಆದರು. ಅವರು ಬರೆದ ಮಕ್ಕಳ ಚಿತ್ರಗಳು ಕಾರ್ಡುಗಳಾಗಿ ಅಚ್ಚಾದವು. ಪಿಂಗಾಣಿ ಕಾರ್ಖಾನೆಯ ಮಾಲೀಕ ಫ್ರಾಂಜ್ ಗೋಬೆಲ್ ಕಣ್ಣಿಗೆ ಬಿದ್ದದ್ದು ಆ ಕಾರ್ಡುಗಳೇ. ಅವುಗಳನ್ನು ಗೊಂಬೆ ಮಾಡುತ್ತೇನೆ ಎಂದು ಕೇಳಿದಾಗ ಕಾನ್ವೆಂಟ್ ಒಪ್ಪಿತು. ಆದರೆ ಪ್ರತಿ ಹೊಸ ಗೊಂಬೆಯನ್ನೂ ತಾವು ನೋಡಿ ಒಪ್ಪಬೇಕು ಅಂದಿತು. 1935ರಲ್ಲಿ ಲೈಪ್ಜಿಗ್ ಮೇಳಕ್ಕೆ ಮೊದಲ ಗೊಂಬೆಗಳು ಬಂದವು.

ಚಿತ್ರದ ಮಗುವಿಗೆ ಒಂದೇ ಮಗ್ಗುಲು ಅಲ್ವಾ? ಬೆನ್ನು ಹೇಗಿರಬೇಕು, ಅಂಗಿಯ ಹಿಂಭಾಗ ಹೇಗೆ ಮಡಿಕೆ ಬೀಳಬೇಕು ಎಂದು ಯೋಚಿಸಿದವರು ಶಿಲ್ಪಿಗಳಾದ ಆರ್ಥರ್ ಮೊಲ್ಲರ್ ಮತ್ತು ರೈನ್‌ಹೋಲ್ಡ್ ಉಂಗರ್. ಅವರು ಮಾಡಿದ ಮಾದರಿಯನ್ನು ತುಂಡು ತುಂಡಾಗಿ ಕತ್ತರಿಸಿ, ಪ್ಲಾಸ್ಟರ್ ಅಚ್ಚು ತೆಗೆದು, ನೀರಾದ ಮಣ್ಣು ಸುರಿಯುತ್ತಿದ್ದರು. ಕೈಕಾಲು ಜೋಡಿಸಿ, ಸುಟ್ಟು, ಬಣ್ಣವನ್ನು ಕೈಯಲ್ಲೇ ಹಚ್ಚುತ್ತಿದ್ದರು. ಈ ಶಿಲ್ಪಿಗಳ ಹೆಸರು ಯಾರಿಗೂ ನೆನಪಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ನಾಜಿಗಳಿಗೆ ಈ ಮಕ್ಕಳು ಹಿಡಿಸಲಿಲ್ಲ. ಜರ್ಮನ್ ಮಕ್ಕಳೆಂದರೆ ಗಟ್ಟಿಮುಟ್ಟಾಗಿರಬೇಕು, ಇದೇನು ದೊಡ್ಡ ತಲೆ ಎಂದು 1937ರಲ್ಲಿ ಅವರ ಪತ್ರಿಕೆ ಹಳಿಯಿತು. ದೇಶದೊಳಗೆ ಮಾರಾಟಕ್ಕೆ ಅಡ್ಡಿ ಬಂತು. ಹೊರದೇಶಕ್ಕೆ ಕಳಿಸಲು ಮಾತ್ರ ತಡೆಯಿರಲಿಲ್ಲ, ಡಾಲರ್ ಬೇಕಿತ್ತಲ್ಲ! 1940ರಲ್ಲಿ ಕಾನ್ವೆಂಟನ್ನೇ ಕಿತ್ತುಕೊಂಡರು. ಅಲ್ಲಿ ಉಳಿದ ಕೆಲವೇ ಸಿಸ್ಟರ್‌ಗಳಲ್ಲಿ ಇವರೂ ಒಬ್ಬರು. ಚಳಿ, ಅರೆಹೊಟ್ಟೆ, ಕೊನೆಗೆ ಕ್ಷಯ. 1946ರ ನವೆಂಬರ್ 6ರಂದು ತೀರಿಕೊಂಡಾಗ ಅವರಿಗೆ ಬರೀ 37 ವರ್ಷ.

ಗೊಂಬೆಗಳು ಜಗತ್ತು ಸುತ್ತಿದ್ದು ಅದರ ನಂತರವೇ. ಜರ್ಮನಿಯಲ್ಲಿದ್ದ ಅಮೆರಿಕನ್ ಸೈನಿಕರು ಹೆಂಡತಿಗೆ, ತಾಯಿಗೆ ಎಂದು ಕೊಂಡು ಒಯ್ದರು. ಅಮೆರಿಕದಲ್ಲಿ ಅದೇ ಸಂಗ್ರಹದ ಹುಚ್ಚಾಯಿತು. 1977ರಲ್ಲಿ ಸಂಗ್ರಾಹಕರ ಕ್ಲಬ್ ಕೂಡ ಶುರುವಾಯಿತು. ಮುಂದಿನ ಪೀಳಿಗೆಗೆ ಈ ಆಸಕ್ತಿ ಇರಲಿಲ್ಲ. 2008ರಲ್ಲಿ ಗೋಬೆಲ್ ಕಂಪನಿ ಇವುಗಳ ತಯಾರಿಕೆ ನಿಲ್ಲಿಸಿತು. ಬೇರೆಯವರು ಮುಂದುವರಿಸಿದರೂ ಹಳೆಯ ಬೇಡಿಕೆ ಮರಳಲಿಲ್ಲ.

ಬಲ್ಲವರು ಇವತ್ತಿಗೂ ಗೊಂಬೆಯ ಮುಖಕ್ಕಿಂತ ಮೊದಲು ತಳ ನೋಡುತ್ತಾರೆ. ಕಿರೀಟದ ಮುದ್ರೆ ಇದ್ದರೆ 1950ಕ್ಕಿಂತ ಹಳೆಯದು. ಜೇನುನೊಣದಂಥ ದುಂಬಿ ಇದ್ದರೆ ಆಮೇಲಿನದು. ಲಕ್ಷಗಟ್ಟಲೆ ಮಾಡಿದ ಸಾಮಾನ್ಯ ಗೊಂಬೆಗಳಿಗೆ ಈಗ ಬೆಲೆ ಕಮ್ಮಿ. ಕಿರೀಟದ ಗೊಂಬೆಗೆ ಮಾತ್ರ ಜನ ಇನ್ನೂ ಜಾಸ್ತಿ ದುಡ್ಡು ಕೊಡುತ್ತಾರೆ.