ಜಪಾನಿ ಕತ್ತಿಯ ಬಾಯಲ್ಲಿ ಆ ಬಿಳಿ ಅಲೆ ಎಲ್ಲಿಂದ ಬಂತು?

ಪ್ರಶ್ನೆ: ಮ್ಯೂಸಿಯಂನಲ್ಲಿ ಹಳೆಯ ಜಪಾನಿ ಕತ್ತಿಯೊಂದನ್ನು ನೋಡಿದೆ. ಅಲಗಿನ ಉದ್ದಕ್ಕೂ ಬಿಳಿ ಅಲೆಯಂಥ ಗೆರೆಯಿತ್ತು. ಅದು ಕೆತ್ತಿದ್ದೋ, ಆಸಿಡ್ ಹಾಕಿ ಬರೆದದ್ದೋ?

ಎರಡೂ ಅಲ್ಲ. ಹದ ಹಾಕುವಾಗ ಉಕ್ಕಿನೊಳಗೇ ಮೂಡಿದ್ದು. ಹೆಸರು ಹಮೋನ್, ಬಾಯಿಯ ಚಿತ್ತಾರ ಎಂದೇ ಅರ್ಥ. ಆಸಿಡ್, ತಂತಿಬ್ರಷ್‌ಗಳ ಕೆಲಸವೆಲ್ಲ ಶೋಕೇಸಿಗೆಂದು ಮಾರುವ ಅಗ್ಗದ ಕತ್ತಿಗಳದು.

ಕತ್ತಿಯ ಬಾಯಿ ಗಡುಸಾಗಿರದಿದ್ದರೆ ಹರಿತ ನಿಲ್ಲದು. ಬೆನ್ನೂ ಅಷ್ಟೇ ಗಡುಸಾದರೆ ಪೆಟ್ಟಿಗೆ ಮುರಿದೀತು. ಜಪಾನಿನ ಕಮ್ಮಾರ ಇದಕ್ಕೆ ಮಣ್ಣಿನ ಉಪಾಯ ಕಂಡುಕೊಂಡ. ಜೇಡಿಮಣ್ಣು, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ ಕಲಸಿ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮೆತ್ತುತ್ತಾನೆ. ಕುಲುಮೆಯ ಕೋಣೆಯನ್ನು ಕತ್ತಲಾಗಿಸಿ, ಅಲಗಿನ ಕೆಂಪು ನೋಡಿಯೇ ಕಾವನ್ನು ಅಂದಾಜು ಮಾಡಿ (ಸುಮಾರು 750–800 ಡಿಗ್ರಿ ಸೆಲ್ಸಿಯಸ್) ನೀರಿಗೆ ಅದ್ದುತ್ತಾನೆ. ಮಣ್ಣು ತೆಳುವಿದ್ದಲ್ಲಿ ಉಕ್ಕು ತಟ್ಟನೆ ತಣಿದು ಮಾರ್ಟೆನ್ಸೈಟ್ ಎಂಬ ಗಡಸು ರೂಪ ತಾಳುತ್ತದೆ. ದಪ್ಪವಿದ್ದಲ್ಲಿ ನಿಧಾನವಾಗಿ ತಣಿದು ಮೆದುವಾಗಿಯೇ ಉಳಿಯುತ್ತದೆ. ಇವೆರಡರ ಗಡಿಯೇ ನೀವು ಕಂಡ ಅಲೆ. ಮಾರ್ಟೆನ್ಸೈಟಿಗೆ ಜಾಗ ತುಸು ಹೆಚ್ಚು ಬೇಕು. ಹಾಗಾಗಿ ಬಾಯಿ ಹಿಗ್ಗಿ ಅಲಗು ಬೆನ್ನಿನತ್ತ ಬಾಗುತ್ತದೆ. ಆ ಬಾಗಿನಲ್ಲಿ ಸುತ್ತಿಗೆಯ ಜೊತೆ ನೀರಿಗೂ ಪಾಲಿದೆ. ಅದೇ ಗಳಿಗೆಯಲ್ಲಿ ಬಾಯಿ ಬಿರಿದರೆ ಅಲ್ಲಿಯವರೆಗಿನ ಕೆಲಸವೆಲ್ಲ ಗುಜರಿಗೆ.

ಅಲೆಯ ಆಕಾರ ಮಣ್ಣು ಮೆತ್ತಿದ ಕೈಯದು. ಇಂದಿನ ಒಕಾಯಾಮಾ ಕಡೆಯ ಬಿಜೆನ್ ಪ್ರಾಂತದವರು ಲವಂಗದ ಮೊಗ್ಗುಗಳನ್ನು ಸಾಲಾಗಿ ಜೋಡಿಸಿದಂಥ ಗೆರೆಗೆ ಹೆಸರಾದವರು. ಅದನ್ನು ಚೋಜಿ ಎನ್ನುತ್ತಾರೆ, ಅಂದರೆ ಲವಂಗವೇ. ಅಲ್ಲಿಂದ ಬಾಯಿಯತ್ತ ಇಳಿಯುವ ಸಣ್ಣ ಎಳೆಗಳು ‘ಅಶಿ’, ಕಾಲುಗಳು. ಇವು ಮೆದು ಉಕ್ಕಿನವು. ಬಾಯಿ ಚಕ್ಕೆ ಎದ್ದರೆ ಅದು ಮುಂದಕ್ಕೆ ಹಬ್ಬದಂತೆ ತಡೆಯುತ್ತವೆ. ನೇರ ಗೆರೆಯೂ ಉಂಟು, ಸುಗುಹಾ. ಹೊಸಬರು ಅದನ್ನು ಸಪ್ಪೆ ಎಂದು ದಾಟಿ ಹೋಗುತ್ತಾರೆ. ನನಗೇನೋ ಅದೇ ಹೆಚ್ಚು ಇಷ್ಟ: ಕೈ ನಡುಗಿದ್ದನ್ನು ಮುಚ್ಚಲು ಅಲ್ಲಿ ಅಲೆಗಳಿಲ್ಲ.

ಇನ್ನೊಂದು ಮಾತು. ಗಾಜಿನಾಚೆ ನಿಮಗೆ ಕಂಡ ಬಿಳುಪೆಲ್ಲ ಹಮೋನ್ ಆಗಿರಲಿಕ್ಕಿಲ್ಲ. ಸಾಣೆ ಹಿಡಿಯುವ ತೊಗಿಶಿ ಕೊನೆಯ ಹಂತದಲ್ಲಿ ಕಲ್ಲಿನ ತೆಳು ಬಿಲ್ಲೆಯನ್ನು ಹೆಬ್ಬೆರಳ ಕೆಳಗಿಟ್ಟು ಉಜ್ಜಿ ಬಾಯಿಯ ಭಾಗವನ್ನು ಬೆಳ್ಳಗಾಗಿಸುತ್ತಾನೆ. ಅದು ಮದುಮಗಳಿಗೆ ಹಚ್ಚಿದ ಪೌಡರ್ ಇದ್ದಂತೆ. ಒಳಗಿನದು ಕಾಣಬೇಕಾದರೆ ಒಂದೇ ದೀಪದ ಬಿಂಬ ಅಲಗಿನ ಮೇಲೆ ಬೀಳುವಂತೆ ನಿಂತು ಆ ಬಿಂಬದ ಪಕ್ಕದಲ್ಲೇ ಕಣ್ಣಿಡಬೇಕು. ಕತ್ತಿಯನ್ನು ಅಲುಗಿಸುವಂತಿಲ್ಲವಲ್ಲ, ನೀವೇ ಕುಕ್ಕರಗಾಲಲ್ಲಿ ಕೂತು ಏಳಬೇಕು! ಆಗ ಮಂಜಿನಂಥ ಪಟ್ಟೆ ಕಂಡರೆ ನಿಯೊಯಿ. ಬಿಡಿಬಿಡಿಯಾಗಿ ಮಿನುಗುವ ಕಣಗಳು ಕಂಡರೆ ನಿಯೆ. 1300ರ ಆಸುಪಾಸಿನ ಕತ್ತಿ ಕಮ್ಮಾರ ಮಾಸಾಮುನೆಯ ಹೆಸರು ನಿಂತಿರುವುದು ಈ ನಿಯೆಯ ಮೇಲೆ. ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂನಲ್ಲಿರುವ ‘ಮಿಕಾಜುಕಿ ಮುನೆಚಿಕಾ’ ಕತ್ತಿಗೆ ‘ಬಿದಿಗೆಯ ಚಂದ್ರ’ ಎಂಬಂಥ ಹೆಸರು ಬಂದದ್ದೂ ಹಮೋನ್ ಗುಂಟ ಕಾಣುವ ಪುಟ್ಟ ಚಂದ್ರಾಕೃತಿಗಳಿಂದ.

ಹಮೋನ್‌ಗಿಂತ ಮೇಲಿನ ಕಪ್ಪು ಮೈಯನ್ನೂ ನೋಡಿ. ಮರದ ಹಲಗೆಯ ನಾರಿನಂತೆ ಕಂಡೀತು. ಉಕ್ಕನ್ನು ಮಡಚಿ ಮಡಚಿ ಬಡಿದದ್ದರ ಗುರುತು ಅದು. ಸಾವಿರಾರು ಸಲ ಮಡಚುತ್ತಾರೆಂಬುದು ಬರೀ ಕಥೆ. ಹತ್ತು ಮಡಿಕೆಗೇ 1,024 ಪದರ ಆಗುತ್ತದೆ. ಹದಿನೈದರ ಆಚೆ ಹೋಗುವುದು ಅಪರೂಪ.

ಮುಂದೆ ಎಂದಾದರೂ ಇಂಥ ಕತ್ತಿ ಕೈಗೆ ಬಂದರೆ ಬರಿಬೆರಳಲ್ಲಿ ಅಲಗು ಮುಟ್ಟಬೇಡಿ, ಬೆವರಿನ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಹಿಡಿಯೊಳಗೆ ಅಡಗಿದ ತುದಿಯ ತುಕ್ಕನ್ನು ಮಾತ್ರ, ಆಯುಧಪೂಜೆಯ ಉತ್ಸಾಹದಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿಬಿಡಬೇಡಿ. ಬಲ್ಲವರು ಕತ್ತಿಯ ವಯಸ್ಸು ಅಂದಾಜು ಮಾಡುವಾಗ ಆ ತುಕ್ಕಿನ ಬಣ್ಣವನ್ನೂ ನೋಡುತ್ತಾರೆ.