ಬೇಕಲಕ್ಕೆ ಹೋದರೆ ತೆಂಗಿನ ಮರವನ್ನೂ ನೋಡಿ

ಕಾಸರಗೋಡಿನ ಕಡಲು ನೋಡಲಿಕ್ಕೆ ಜಾಸ್ತಿ ದುಡ್ಡೇನೂ ಬೇಡ. ಪೇಟೆಯಿಂದ ಚಂದ್ರಗಿರಿ ಸಂಕ ದಾಟಿ ಕಾಞಂಗಾಡಿಗೆ ಹೋಗುವ ಬಸ್ಸು ಹತ್ತಿದರೆ ಬೇಕಲ ಸುಮಾರು 16 ಕಿಲೋಮೀಟರ್. ಮಂಗಳೂರು ಕಡೆಯಿಂದ ಬರುವವರಿಗೆ ಪ್ಯಾಸೆಂಜರ್ ರೈಲಿದೆ, ಬೇಕಲ ಫೋರ್ಟ್ ಅಂತಲೇ ಸ್ಟೇಷನ್. ಕೆಳದಿ ಶಿವಪ್ಪ ನಾಯಕನ ಕಾಲದ ಕೋಟೆಗೆ ಟಿಕೆಟ್ ಉಂಟು. ಬಡಗು ಬದಿಯ ಕಾಪಿಲ್ ಬೀಚಿನಲ್ಲಿ ಜನವೂ ಕಡಿಮೆ. ಮಧ್ಯಾಹ್ನ ಹೊಯಿಗೆ ಕಾದು ಕಾಲಿಡಲಿಕ್ಕೆ ಆಗುವುದಿಲ್ಲ ಅಲ್ವಾ, ಆಗ ನೆರಳಿಗೆ ಕೂತು ತೆಂಗಿನ ಮರವನ್ನೇ ಸರಿಯಾಗಿ ನೋಡಿ. ಹುಟ್ಟಿದಂದಿನಿಂದ ಅದರ ಕೆಳಗೇ ಓಡಾಡುವ ನಾವು ಹಾಗೆ ನೋಡುವುದು ಕಡಿಮೆ.

ಮೊದಲು ಕಾಂಡ. ಅದರ ಮೇಲಿನ ಅಡ್ಡ ಗುರುತುಗಳು ಉದುರಿದ ಮಡಲುಗಳ ಕಲೆ. ಚೆನ್ನಾಗಿರುವ ಮರ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಡಲು ಬಿಡುತ್ತದೆ, ಹಾಗಾಗಿ 12 ಗುರುತು ಎಣಿಸಿದರೆ ಸುಮಾರು ಒಂದು ವರ್ಷ. ಕೆಲವು ಮರಗಳು ಮಧ್ಯದಲ್ಲಿ ಒಂದು ಕಡೆ ಸೊಂಟದ ಹಾಗೆ ಸಣ್ಣಗಾಗಿರುತ್ತವೆ. ನೀರೋ ಗೊಬ್ಬರವೋ ಸಿಗದೆ ಸೊರಗಿದ ಕಾಲ ಅದು. ಮಾವು, ಹಲಸು ವರ್ಷ ವರ್ಷ ದಪ್ಪವಾಗುತ್ತವೆ, ಕಾಂಡ ದಪ್ಪ ಮಾಡುವ ಜೀವಕೋಶಗಳ ಪದರ ತೆಂಗಿಗೆ ಇಲ್ಲ. ಆದ್ದರಿಂದ ಹಳೇ ಬರಗಾಲ ಮರದ ಮೈಮೇಲೆ ಹಾಗೇ ಉಳಿಯುತ್ತದೆ. ಗಾಯವೂ ಅಷ್ಟೇ, ಮುಚ್ಚಿಕೊಳ್ಳುವುದಿಲ್ಲ. ಕೀಲಿಕೈಯಲ್ಲಿ ಹೆಸರು ಕೆತ್ತುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಮರ ನಿಂತಿರುವಷ್ಟು ದಿನವೂ ಆ ಗೀರು ಹೋಗುವುದಿಲ್ಲ.

ಈಗ ತಲೆಯೆತ್ತಿ. ಒಂದೊಂದು ಮಡಲಿನ ಕಂಕುಳಲ್ಲಿ ಒಂದೊಂದು ಹೊಂಬಾಳೆ, ಅದೂ ತಿಂಗಳಿಗೊಂದರ ಲೆಕ್ಕ. ಮೇಲಿಂದ ಕೆಳಕ್ಕೆ ಬಂದಂತೆ ಗೊನೆಗಳಿಗೆ ಒಂದೊಂದು ತಿಂಗಳು ವಯಸ್ಸು ಹೆಚ್ಚು, ಕಾಯಿ ಪೂರ್ತಿ ಬಲಿಯಲಿಕ್ಕೆ ಸುಮಾರು 12 ತಿಂಗಳು ಬೇಕು. ನೀವು ಕುಡಿಯುವ ಬೊಂಡ ಸುಮಾರು 7 ತಿಂಗಳಿನದ್ದು. ಅಲ್ಲಿವರೆಗೆ ಒಳಗೆ ಹೆಚ್ಚಾಗಿ ನೀರೇ. ತಿರುಳು ಕಟ್ಟಲು ಶುರುವಾಗುವುದು 6ನೇ ತಿಂಗಳ ಹೊತ್ತಿಗೆ, ಅದೂ ತೊಟ್ಟಿನ ಎದುರು ತುದಿಯಲ್ಲಿ. ಕುಡಿದಾದ ಮೇಲೆ ಸುಮ್ನೆ ಬಿಸಾಡಬೇಡಿ, ಎರಡು ಹೋಳು ಮಾಡಿಸಿ ನೋಡಿ: ಆ ತುದಿಯಲ್ಲಿ ಗಂಜಿ ದಪ್ಪವಾಗಿರುತ್ತದೆ, ತೊಟ್ಟಿನ ಕಡೆ ಬರೀ ತೆಳು ಪೊರೆ. ಎತ್ತರದ ತಳಿಗೂ ಗಿಡ್ಡ ತಳಿಗೂ ಸಂಕರ ಮಾಡಿ ಜಗತ್ತಿನಲ್ಲೇ ಮೊದಲು ಹೈಬ್ರಿಡ್ ತೆಂಗು ಬೆಳೆಸಿದ್ದು ಇಲ್ಲಿಂದ ತೆಂಕಕ್ಕೆ ನೀಲೇಶ್ವರದಲ್ಲಿ, 1930ರ ದಶಕದಲ್ಲಿ. ಕಾಸರಗೋಡಿನಲ್ಲಿರುವ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಶುರುವಾದದ್ದೂ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ.

ಕಡಲ ಗಾಳಿ ಒಳಕ್ಕೆ ಬೀಸುತ್ತದೆ, ಮರಗಳು ಮಾತ್ರ ಕಡಲ ಕಡೆಗೇ ಬಾಗಿರುತ್ತವೆ. ಹಿಂದೆ ತೋಟದ ನೆರಳು, ಮುಂದೆ ನೀರಿನ ಮೇಲೆ ತೆರೆದ ಬೆಳಕು. ಎಳೆಯದರಲ್ಲೇ ಮರ ಬೆಳಕಿಗೆ ವಾಲುತ್ತದೆ, ತೆರೆ ಬುಡದ ಹೊಯಿಗೆ ಕೊರೆದರೆ ಇನ್ನಷ್ಟು.

ಅಷ್ಟು ಹತ್ತಿರ ನಿಂತು ಅದು ಕುಡಿಯುವುದು ಉಪ್ಪುನೀರನ್ನಾ? ಉಪ್ಪಿನಲ್ಲಿರುವ ಕ್ಲೋರೈಡ್ ತೆಂಗಿಗೆ ಬೇಕೇ ಬೇಕು, ಎಲೆಯ ಸಣ್ಣ ರಂಧ್ರಗಳು ತೆರೆದು ಮುಚ್ಚುವ ಕೆಲಸದಲ್ಲಿ ಅದಕ್ಕೆ ಪಾಲಿದೆ. ಹಿರಿಯರು ಸಸಿ ನೆಡುವ ಗುಂಡಿಗೆ ಉಪ್ಪು ಹಾಕುತ್ತಿದ್ದರಲ್ಲ, ಅದು ಸುಮ್ನೆ ಅಲ್ಲ. ಆದರೆ ಬೇರಿಗೆ ಸಿಗುವುದು ಹೆಚ್ಚಾಗಿ ಸಿಹಿನೀರೇ. ಹೊಯಿಗೆಯಲ್ಲಿ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿ ನಿಂತಿರುತ್ತದೆ, ಯಾಕೆಂದರೆ ಕಡಲ ನೀರು ನೂರಕ್ಕೆ ಎರಡೂವರೆ ಪಾಲು ಹೆಚ್ಚು ಭಾರ. ಇದರಿಂದ ಬರುವ ಲೆಕ್ಕ ಸೋಜಿಗದ್ದು: ಸಿಹಿನೀರು ಕಡಲಮಟ್ಟಕ್ಕಿಂತ 1 ಅಡಿ ಮೇಲೆ ನಿಂತರೆ ಅದರ ಕೆಳಗೆ ಸುಮಾರು 40 ಅಡಿ ಆಳದವರೆಗೆ ಸಿಹಿನೀರು. ತೆರೆ ಸದ್ದು ಕೇಳುವಷ್ಟು ಹತ್ತಿರದ ಮನೆಯ ಬಾವಿಯಲ್ಲೂ ಕುಡಿಯುವ ನೀರು ಸಿಗುವುದು ಇದರಿಂದಲೇ. ಮಳೆ ನಿಂತು ತಿಂಗಳುಗಟ್ಟಲೆ ಪಂಪು ಎಳೆದರೆ ಇದೇ ಲೆಕ್ಕ ತಿರುಗಿಬೀಳುತ್ತದೆ, ಮೇಲಿನ ಮಟ್ಟ 1 ಅಡಿ ಇಳಿದರೆ ಕೆಳಗಿನ ಉಪ್ಪುನೀರು 40 ಅಡಿವರೆಗೂ ಏರಬಹುದು. ಏಪ್ರಿಲ್ ಹೊತ್ತಿಗೆ ಕೆಲವು ಬಾವಿಗಳ ನೀರು ನಾಲಿಗೆಗೆ ಉಪ್ಪುಪ್ಪು ಅನಿಸುವುದು ಆಗಲೇ.